ಅಟ್ಟದ ರಾಗಿ, ಆಕಾಶದ ಎಣಿಕೆ

ನಾನಿದ್ದ ಮನೆಯ ಅಜ್ಜಿ ತೀರಿಕೊಂಡ ಬೆಳಿಗ್ಗೆ ನಮ್ಮ ಡಿಟೆಕ್ಟರು ಎಂದಿನಂತೆ ಎಣಿಸುತ್ತಲೇ ಇತ್ತು. ನಡುಮನೆಯಲ್ಲಿ ಹೆಂಗಸರ ಅಳು, ಹಿಂದಿನ ಕೋಣೆಯಲ್ಲಿ ಟಕ್, ಟಕ್ ಎನ್ನುವ ಸದ್ದು. ನೆಂಟರೊಬ್ಬರು ಬಾಗಿಲಲ್ಲಿ ನಿಂತು, "ಅದೊಂದ್ ನಿಲ್ಸಪ್ಪಾ, ಎಣ ಮುಂದಿಟ್ಕಂಡು ಕೇಳಾಕಾಗಕಿಲ್ಲ" ಎಂದರು. ನಿಲ್ಲಿಸಲಿಲ್ಲ. ಎಣಿಕೆಯ ಪೆಟ್ಟಿಗೆಯ ಮೇಲೆ ನನ್ನ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ. ಸದ್ದು ಅಡಗಿತು. ಎಣಿಕೆ ಅಡಗಲಿಲ್ಲ.

ಇದು ತೊಂಬತ್ತರ ದಶಕದ ಆರಂಭದ ಮಾತು. ಸೂರ್ಯನ ಮೇಲೆ ಕಲೆಗಳು ಹೆಚ್ಚಾಗಿದ್ದ ಕಾಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿ ಹೊಳೆಗೆ ಕೂಗಳತೆಯ ಒಂದು ಹಳ್ಳಿಯಲ್ಲಿ ನಮ್ಮ ಕಾಸ್ಮಿಕ್ ಕಿರಣದ ಸ್ಟೇಷನ್ ಇತ್ತು. ಸ್ಟೇಷನ್ ಎಂದರೆ ಗೌಡರೊಬ್ಬರ ಹಳೆಯ ತೊಟ್ಟಿಮನೆಯ ಹಿಂದಿನ ಕೋಣೆ. ಅದರೊಳಗೆ, ಗಾಡಿಗೆ ಕಬ್ಬು ಹೇರಿದಂತೆ ಒತ್ತೊತ್ತಾಗಿ ಮಲಗಿಸಿದ ಗೈಗರ್ ನಳಿಗೆಗಳ ತಟ್ಟೆಗಳು, ಒಂದರ ಮೇಲೊಂದು. ಜೊತೆಗೆ ಲಾರಿ ಬ್ಯಾಟರಿಗಳು, ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಒಂದು ಪೆನ್ನು, ಮತ್ತು ನಾನು.

ಆಕಾಶದಿಂದ ಸದಾ ಸಣ್ಣ ಕಣಗಳು ಸುರಿಯುತ್ತಿರುತ್ತವೆ. ಹೆಂಚು, ಮಣ್ಣು, ನಮ್ಮ ಮೈ, ಎಲ್ಲವನ್ನೂ ತೂರಿ ಹೋಗುತ್ತವೆ. ಸೂರ್ಯ ಕೆರಳಿ ಕಾಂತದ ಮೋಡವೊಂದನ್ನು ಈ ಕಡೆಗೆ ಎಸೆದಾಗ, ಅದು ಕೊಡೆ ಹಿಡಿದಂತೆ ಒಂದಷ್ಟು ಕಣಗಳನ್ನು ತಡೆಯುತ್ತದೆ. ನೆಲದ ಮೇಲೆ ಎಣಿಕೆ ನೂರಕ್ಕೆ ಎರಡೋ ಮೂರೋ ಪಾಲು ಇಳಿಯುತ್ತದೆ. ಅಷ್ಟು ಸಣ್ಣ ಇಳಿತವನ್ನು ಹಿಡಿದರೆ ಕಾಂತ ಬಿರುಗಾಳಿ ಬಂದಿದೆ, ಇಲ್ಲವೇ ಬರುತ್ತಿದೆ ಎಂದು ಹೇಳಬಹುದು. ರೇಡಿಯೋ ಕೆಡುವುದು, ಉಪಗ್ರಹಗಳು ದಿಕ್ಕೆಡುವುದು, ದೂರದ ದೇಶಗಳಲ್ಲಿ ಊರಿಗೆ ಊರೇ ಕರೆಂಟು ಹೋಗುವುದು, ಎಲ್ಲ ಆ ಬಿರುಗಾಳಿಯ ಹೊಡೆತ.

ಮೈಸೂರಿನಲ್ಲಿದ್ದ ನಮ್ಮ ಪ್ರೊಫೆಸರು ಬಿಡಿಸಿ ಹೇಳಿದ್ದರು. "ಒಂದು ಬಿರುಗಾಳಿ ಪೂರ್ತಿ ಹಿಡಿದು ಕೊಡು. ಮೊದಲಿನ ಸಮಗೆರೆ, ಆಮೇಲಿನ ಇಳಿತ, ಮತ್ತೆ ಏರಿಕೆ. ಮೂರೂ ಕಲೆಯಿಲ್ಲದೆ ಬೇಕು. ಆಗ ಸ್ಟೇಷನ್ ಉಳಿಯುತ್ತೆ, ನೀನೂ ಉಳೀತೀಯ. ಇಲ್ಲದಿದ್ದರೆ ವರ್ಷದ ಕೊನೆಗೆ ಬಾಗಿಲು ಹಾಕಿಸ್ತಾರೆ."

ನಾಗಮಂಗಲದ ಕಡೆಯ ನಮ್ಮ ಊರಿನಲ್ಲಿ ನಮ್ಮಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ನಮ್ಮ ಮನೆಯಲ್ಲಿ ಎಂಎಸ್ಸಿ ಇರಲಿ, ಹೈಸ್ಕೂಲಿನ ಮೆಟ್ಟಿಲು ಹತ್ತಿದವನೂ ನಾನೇ ಮೊದಲು. ಅವ್ವ ಬಾವಿಕಟ್ಟೆಯಲ್ಲಿ, "ನನ್ ಮಗ ಸೂರ್ಯನ್ನ ಕಾಯೋ ಕೆಲ್ಸದಲ್ಲವ್ನೆ" ಎಂದು ಹೇಳಿಕೊಂಡು ಬರುತ್ತಿದ್ದಳು. ಆ ಮಾತು ಸುಳ್ಳಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಗೌಡರ ತಾಯಿಗೆ, ಅಂದರೆ ಆ ಅಜ್ಜಿಗೆ, ಮಿಷನ್ನಿನ ಸದ್ದು ಅಭ್ಯಾಸವಾಗಿತ್ತು. ಹಿತ್ತಲ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಾ ನನ್ನನ್ನು ಕೆಣಕುವುದು ಅವರ ಕಾಲಕ್ಷೇಪ.

"ಏನ್ಲಾ ಅದು ಬಡ್ಕಳದು, ಹಲ್ಲಿ ಲೊಚಗುಟ್ಟಂಗೆ?"

"ಮೇಲಿಂದ ಬರೋದನ್ನ ಎಣಿಸ್ತದೆ ಅಜ್ಜಿ. ನಿಮ್ಮೊಳಗಿಂದ, ನನ್ನೊಳಗಿಂದ ತೂರ್ಕೊಂಡು ಹೋಗೋದನ್ನ."

"ಬರದ್ ಮಾತ್ರ ಎಣುಸ್ತದೋ, ಓಗದೂ ಎಣುಸ್ತದೋ? ಸತ್ತೋರು ಮ್ಯಾಕೆ ಓಯ್ತಾರಲ್ಲ, ಅದು?"

ನಾನು ನಕ್ಕೆ. ಅವರೂ ನಕ್ಕರು. "ನೋಡನ ತಕ್ಕೋ. ನಾ ಓದಾಗ ಗೊತ್ತಾಯ್ತದೆ."

ಕೋಣೆಯ ಮೇಲೆ ಮರದ ಹಲಗೆಯ ಅಟ್ಟವಿತ್ತು. ಅದರ ತುಂಬ ಅಜ್ಜಿಯ ರಾಗಿ ಮೂಟೆಗಳು. ಮನೆಯ ನಿತ್ಯದ ದವಸ ಮುಂದಿನ ಉಗ್ರಾಣದಲ್ಲಿದ್ದರೆ, ಇದು ಕಷ್ಟಕಾಲಕ್ಕೆಂದು ಅವರು ಕೂಡಿಟ್ಟದ್ದು. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. "ನಾ ಇರೋ ಗಂಟ ಯಾರೂ ಮುಟ್ಬ್ಯಾಡಿ" ಎಂದು ಅವರ ಅಪ್ಪಣೆ. ಮಿಷನ್ ಇಡುವಾಗ ಪ್ರೊಫೆಸರು ತಲೆಯೆತ್ತಿ ಆ ಮೂಟೆಗಳನ್ನು ನೋಡಿದ್ದರು. "ಮೇಲೆ ಭಾರ ಇದ್ದರೆ ಒಂದಷ್ಟು ಕಣ ಅಲ್ಲೇ ನಿಲ್ಲುತ್ತೆ. ಇರಲಿ. ಅಲ್ಲಾಡದ ಭಾರದಿಂದ ತೊಂದರೆಯಿಲ್ಲ" ಎಂದಿದ್ದರು.

ಅಜ್ಜಿಯನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು. ಅಲ್ಲಿಂದ ಬಂದ ಮೇಲೆ ಜೋಯಿಸರು ಪಂಚಾಂಗ ತೆಗೆದರು. ಕೆಟ್ಟ ನಕ್ಷತ್ರ. ಆರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಕಟ್ಟಬೇಕು. ನಮ್ಮೂರಲ್ಲೂ ಮುಳ್ಳು ಕಟ್ಟಿದ ಮನೆಗಳನ್ನು ಕಂಡವನು ನಾನು. ಚಿಕ್ಕಂದಿನಲ್ಲಿ ಅಂಥ ಮನೆಯ ಮುಂದೆ ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಈಗ ಓಡುವಂತಿಲ್ಲ, ನನ್ನ ಮಿಷನ್ ಒಳಗಿದೆ.

"ಸ್ವಾಮಿ, ಮಿಷನ್ ನಿಂತರೆ ನನ್ನ ಕೆಲಸವೇ ನಿಂತಹಾಗೆ" ಎಂದೆ.

ಜೋಯಿಸರು ಕೇಳಿದರು. "ಆ ಕೋಣೆಯಲ್ಲಿ ಒಲೆ ಉಂಟೋ?"

"ಇಲ್ಲ."

"ಯಾರಾದರೂ ಮಲಗುವುದುಂಟೋ?"

"ನಾನು ಮಲಗ್ತೀನಿ."

"ಇನ್ನು ಮಲಗಬೇಡ. ಒಲೆಯಿಲ್ಲದ, ಯಾರೂ ಮಲಗದ ಕೋಣೆ ಮನೆಯ ಲೆಕ್ಕಕ್ಕೆ ಬಾರದು. ಕೊಟ್ಟಿಗೆ ಇದ್ದಹಾಗೆ. ಹಿತ್ತಲ ಬಾಗಿಲಿಂದ ಹೋಗು, ಹಾಗೇ ಬಾ."

ಹಿರೀಕರು ಇನ್ನೊಂದು ಮಾತು ಸೇರಿಸಿದರು. "ಒಳ್ಗಿರೋ ಕಾಳು ಕಡ್ಡಿ ಒಳ್ಗೇ ಇರ್ಲಿ. ಬಾಗ್ಲು ತಗಿಯೋ ಗಂಟ ಒಂದ್ ಕಾಳ್ನೂ ಬಾಯಿಗ್ ಆಕಂಗಿಲ್ಲ." ಗೌಡರ ಹೆಂಡತಿ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು, "ಅಂಗೇ ಆಗ್ಲಿ" ಎಂದರು. ಗೌಡರೇ ಜಾಲಿಮುಳ್ಳು ಕಡಿದು ತಂದು ಮುಂಬಾಗಿಲಿಗೆ ಕಟ್ಟಿದರು. ಸಂಸಾರ ಹೊಲದ ಗುಡಿಸಲಿಗೆ ಹೋಯಿತು. ನಾನು ಅವರ ಪಂಪುಮನೆಯಲ್ಲಿ ಚಾಪೆ ಹಾಸಿಕೊಂಡೆ.

ಅಂದಿನಿಂದ ಆ ಮನೆಯಲ್ಲಿ ನಾನು ಹಗಲು ಮಾತ್ರ ಇರುತ್ತಿದ್ದೆ. ಗೋಡೆಯ ಆಚೆ ತೊಟ್ಟಿಯಲ್ಲಿ ಬಿಸಿಲು ಬೀಳುತ್ತಿತ್ತು, ಅದನ್ನು ನೋಡುವವರಿರಲಿಲ್ಲ. ಅಡುಗೆಮನೆಯಲ್ಲಿ ಒಮ್ಮೊಮ್ಮೆ ಪಾತ್ರೆ ಸದ್ದು. ಇಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಂಜೆ ಹೊತ್ತಿಗೆ ಆ ದಿನದ ಎಣಿಕೆ ಬರೆದುಕೊಂಡು ಸೈಕಲ್ ಹತ್ತಿ ಅಕ್ಕಿಹೆಬ್ಬಾಳಿನ ರೈಲ್ವೆ ಸ್ಟೇಷನ್ನಿಗೆ ಹೋಗಿ ಮೈಸೂರು ಗಾಡಿಗೆ ಲಕೋಟೆ ಕೊಟ್ಟು ಬರುವುದು ನನ್ನ ವಾಡಿಕೆ.

ಕೆಲವು ವಾರ ಕಳೆದ ಮೇಲೆ ಎಣಿಕೆ ಏರತೊಡಗಿತು.

ಇಳಿಯುವುದನ್ನು ಕಾಯುತ್ತ ಕೂತವನಿಗೆ ಏರಿಕೆ ಕಂಡರೆ ಹೇಗಾಗಬೇಡ. ಅದೂ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಹತ್ತಿದಂತೆ ಏರಿ, ಹಾಗೇ ನಿಂತು, ನಾಲ್ಕಾರು ದಿನವಾದ ಮೇಲೆ ಮತ್ತೊಂದು ಮೆಟ್ಟಿಲು. ಮೊದಲು ಗಾಳಿಯ ಒತ್ತಡ ನೋಡಿದೆ. ಒತ್ತಡ ಕಡಿಮೆಯಾದರೆ ಎಣಿಕೆ ಹೆಚ್ಚುತ್ತದೆ. ಆ ಲೆಕ್ಕ ಕಳೆದರೂ ಮೆಟ್ಟಿಲು ಉಳಿಯಿತು. ನಳಿಗೆಗಳಿಗೆ ಕೊಡುವ ಹೈ ವೋಲ್ಟೇಜು ಜಾರಿರಬಹುದೆಂದು ಅದರ ಪೆಟ್ಟಿಗೆ ಬದಲಿಸಿದೆ. ಪಾಂಡವಪುರಕ್ಕೆ ಹೋಗಿ ಬ್ಯಾಟರಿಗಳನ್ನು ಪರೀಕ್ಷೆ ಮಾಡಿಸಿ, ಡಿಸ್ಟಿಲ್ಡ್ ನೀರು ತುಂಬಿಸಿ ತಂದೆ. ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ ಮಾಡಿದೆ. ಏನು ಮಾಡಿದರೂ ಗೆರೆ ಕೆಳಗಿಳಿಯಲಿಲ್ಲ.

ಶ್ರೀರಂಗಪಟ್ಟಣದಲ್ಲಿ ನಮ್ಮದೇ ಇನ್ನೊಂದು ಸಣ್ಣ ಡಿಟೆಕ್ಟರ್ ಇತ್ತು. ಅಲ್ಲಿ ಕರೆಂಟು ಪದೇಪದೇ ಹೋಗಿ ದಾಖಲೆ ಹರಿದುಹೋಗುತ್ತಿತ್ತು. ಹೋಲಿಕೆಗೆ ಮಾತ್ರ ಉಪಯೋಗ. ಅದನ್ನು ನೋಡಿಕೊಳ್ಳುತ್ತಿದ್ದ ಜೊತೆಗಾರನ ಹತ್ತಿರ ನನ್ನ ಸುರುಳಿ ಬಿಚ್ಚಿದೆ. ಅವನದು ಚಪ್ಪಟೆಯಾಗಿತ್ತು.

"ಏನ್ಲಾ ಇದು, ನಿನ್ ಸೂರ್ಯ ಬ್ಯಾರೆ, ನನ್ ಸೂರ್ಯ ಬ್ಯಾರೆನಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಪ್ರೊಫೆಸರು ಕೇಳುದ್ರು ಕಣ್ಲಾ. ಇನ್ನೊಂದ್ ಸತಿ ಇಂಗಾದ್ರೆ ತಂತಿ ಕಿತ್ಕೊಂಡು ಬರಾಕೆ ಯೋಳು ಅಂದವ್ರೆ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅಜ್ಜಿಯ ಮಾತು ನೆನಪಾಯಿತು. ಎಣಿಕೆ ಏರುತ್ತಿದೆ ಎಂದರೆ ಮಿಷನ್ನಿನ ಮೇಲಿಂದ ಏನೋ ಹಗುರಾಗುತ್ತಿದೆ. ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದೆ. ಭೌತಶಾಸ್ತ್ರ ಓದಿದವನು ನಾನು. ಆದರೂ ಮಾರನೆಯ ದಿನ ಹಿತ್ತಲ ಬಾಗಿಲಿನ ಮುಂದೆ ಬೀಗದ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಒಳಗೆ ಟಕ್, ಟಕ್.

ಕೊನೆಗೆ ದಾರಿ ತೋರಿಸಿದ್ದು ತಟ್ಟೆಗಳೇ. ನಮ್ಮ ತಟ್ಟೆಗಳ ಜೋಡಣೆಯಿಂದ ನೆತ್ತಿಯಿಂದ ಬಂದ ಕಣ, ಪೂರ್ವದಿಂದ ಓರೆಯಾಗಿ ಬಂದದ್ದು, ಪಶ್ಚಿಮದಿಂದ ಓರೆಯಾಗಿ ಬಂದದ್ದು ಎಂದು ಬೇರೆ ಬೇರೆ ಎಣಿಸಬಹುದಿತ್ತು. ಮೂರನ್ನೂ ಬಿಡಿಸಿ ಗೆರೆ ಎಳೆದೆ. ಪೂರ್ವದ ಎಣಿಕೆ ಅಲುಗಿರಲಿಲ್ಲ. ನೆತ್ತಿಯದು ಕೊಂಚ ಏರಿತ್ತು. ಪಶ್ಚಿಮದ್ದು ಎಲ್ಲಕ್ಕಿಂತ ಹೆಚ್ಚು. ಇಷ್ಟು ದಿನ ಒಂದೇ ಪಕ್ಕಕ್ಕೆ ಅಂಟಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಏರುವ ಮೂಲೆ ಆಕಾಶದಲ್ಲಿಲ್ಲ. ಅಂಥ ಮೂಲೆ ಅಟ್ಟದಲ್ಲಿದೆ.

ಕೋಣೆಯಲ್ಲಿದ್ದ ಏಣಿ ಹತ್ತಿ ಟಾರ್ಚ್ ಬಿಟ್ಟೆ. ದೂಳು ಹೊದ್ದ ಮೂಟೆಗಳ ಸಾಲಿನಲ್ಲಿ, ಪಶ್ಚಿಮದ ಕಡೆ, ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಗುಳಿ. ಅಲ್ಲಿ ದೂಳಿರಲಿಲ್ಲ. ನಾಲ್ಕು ಕಾಳು ರಾಗಿ ಹಲಗೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದವು.

ಆ ಸಂಜೆ ಸೈಕಲ್ಲನ್ನು ಬೇಲಿಯ ಹಿಂದೆ ಮಲಗಿಸಿ, ಸ್ಟೇಷನ್ನಿಗೆ ಹೋಗದೆ ಕೋಣೆಯಲ್ಲೇ ಕುಳಿತೆ. ಅಂದು ಯಾರೂ ಬರಲಿಲ್ಲ. ಮರುದಿನವೂ ಕುಳಿತೆ. ದನ ಕೊಟ್ಟಿಗೆಗೆ ಬರುವ ಹೊತ್ತು, ಹಿತ್ತಲ ಬಾಗಿಲು ಮೆಲ್ಲಗೆ ಸರಿಯಿತು. ಬಂದವರು ಒಳಗೆ ಕಾಲಿಡುವ ಮುಂಚೆ ಹೊಸ್ತಿಲು ಮುಟ್ಟಿ, "ಅವ್ವಾ, ನಾನೇ ಕಣವ್ವಾ. ಸಿಟ್ಕೋಬ್ಯಾಡ" ಎಂದರು.

ಗೌಡರು. ಮುಳ್ಳು ಕಟ್ಟಿದ ಕೈಯವರೇ.

ನನ್ನನ್ನು ಕಂಡು ಗೋಡೆಗೆ ಒರಗಿಬಿಟ್ಟರು. "ಅಯ್ಯೋ ಸಿವನೇ! ನೀನಾ? ನಮ್ಮವ್ವನೇ ಕುಂತವ್ಳೆ ಅನ್ಕಂಡೆ ಕಣಪ್ಪಾ. ಜೀವ ಬಾಯಿಗ್ ಬಂದ್ಬುಡ್ತು."

"ನನಗೂ ಹಾಗೇ ಆಗಿತ್ತು ಗೌಡ್ರೇ, ಇಷ್ಟು ದಿನ."

ಅವರಿಗೆ ಅರ್ಥವಾಗಲಿಲ್ಲ. ಕುಳಿತರು. ಹೆಗಲ ಮೇಲಿನ ಖಾಲಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಮನೇಲಿ ಅಟ್ಟದ್ ತುಂಬ ರಾಗಿ ಇಟ್ಕಂಡು ಸಂತೇಲಿ ಓಗಿ ನಿಂತ್ಕಳದಾ? ಅದೂ ಕಲ್ಲು ಬೆರ್ಸಿರೋ ರಾಗಿಗೆ? ನಮ್ಮವ್ವ ಎದ್ದು ಬತ್ತಾಳೆ. ಮುಂಬಾಗ್ಲ ಮುಳ್ಳು ನಾ ಮುಟ್ಟಿಲ್ಲ. ನಿನ್ ಕೋಣೆ ಮನೆ ಲೆಕ್ಕ ಅಲ್ಲ ಅಂದ್ರಲ್ಲ ಜೋಯಿಸ್ರು, ಅದ್ಕೇ ಇತ್ಲಾಗಿಂದ. ಇನ್ನೊಂದ್ ಬೀಗದ್ ಕೈ ನನ್ತಾವ್ಲೇ ಅದೆ, ಇವತ್ ಬೀಗ ಇಲ್ದಿದ್ದುಕ್ಕೆ ನೀ ಮರ್ತೋಗಿದ್ಯ ಅನ್ಕಂಡೆ."

"ಮನೆಯಲ್ಲಿ ಅಕ್ಕನಿಗೆ ಗೊತ್ತಾ?"

"ಅವ್ಳಿಗ್ ಯೋಳಂಗಿಲ್ಲ! ಸಂತೆ ರಾಗಿ ಅಂದಿವ್ನಿ. ಕೆಟ್ ನಕ್ಷತ್ರದ್ ಕಾಳು ಮಕ್ಳಿಗ್ ತಿನ್ಸಿವ್ನಿ ಅಂತ ಗೊತ್ತಾದ್ರೆ, ಮಗೀಗ್ ಒಂದ್ ಕೆಮ್ಮು ಬಂದ್ರೂ ಎದೆ ಒಡ್ಕಂಡ್ ಸತ್ತೋಯ್ತಾಳೆ." ಚೀಲವನ್ನು ಮಡಿಸುತ್ತಾ ಕೇಳಿದರು. "ನಿಂಗ್ ಎಂಗ್ ಗೊತ್ತಾಯ್ತು?"

ಮಿಷನ್ ತೋರಿಸಿದೆ.

"ಅದು ಯೋಳ್ಬುಡ್ತಾ?" ಎಂದು ಮಿಷನ್ನನ್ನು ಮನುಷ್ಯರನ್ನು ನೋಡುವಂತೆ ನೋಡಿದರು. ಆಮೇಲೆ ಅದಕ್ಕೇ ಹೇಳಿದರು, "ಥೂ ನಿನ್ನ."

ನನ್ನ ಮುಂದಿದ್ದ ದಾರಿಗಳು ಸ್ಪಷ್ಟವಿದ್ದವು. ತೆಗೆಯಬೇಡಿ ಎಂದರೆ ಅವರ ಮನೆಯ ರಾಗಿಗೆ ನಾನು ಬೀಗ ಹಾಕಿದ ಹಾಗೆ. ತೆಗೆಯಲಿ ಎಂದು ಬಿಟ್ಟರೆ ಸಮಗೆರೆ ಸಿಗದು, ಸ್ಟೇಷನ್ ಮುಚ್ಚುತ್ತದೆ. ತಲೆ ಕೆರೆದುಕೊಂಡು ಕುಳಿತಿದ್ದಾಗ ಪ್ರೊಫೆಸರ ಮಾತು ನೆನಪಾಯಿತು. ಅಲ್ಲಾಡದ ಭಾರದಿಂದ ತೊಂದರೆಯಿಲ್ಲ. ಮಿಷನ್ನಿಗೆ ಬೇಕಾದ್ದು ಭಾರ. ಅದು ರಾಗಿಯೇ ಆಗಬೇಕೆಂದಿಲ್ಲ.

"ಗೌಡ್ರೇ, ಎಷ್ಟು ರಾಗಿ ತೆಗೀತೀರೋ ಅಷ್ಟೇ ತೂಕ ಮರಳು ಆ ಜಾಗದಲ್ಲಿ ಇಡೋಣ."

"ಕಾಳಿದ್ದ ಜಾಗ್ದಲ್ಲಿ ಮರಳಾ?" ಅವರ ಮುಖ ಕಪ್ಪಿಟ್ಟಿತು. "ಉಣ್ಣೋ ಚೀಲಕ್ಕೆ ಮಣ್ ತುಂಬದು ಒಳ್ಳೇದಲ್ಲ ಕಣಪ್ಪ."

"ಬಾಗಿಲು ತೆಗೆಯೋ ಮುಂಚೆ ನಾನೇ ಇಳಿಸಿ ಹೊಳೆಗೆ ಸುರಿದು ಬರ್ತೀನಿ."

ಅವರು ಅಟ್ಟದ ಕಡೆ ನೋಡಿದರು. ಮಿಷನ್ ಕಡೆ ನೋಡಿದರು. "ಉಣ್ಣಕೆ ನಂಗೆ, ಎಣ್ಸಕೆ ನಿಂಗೆ. ಆಗ್ಲಿ ಬುಡು."

ಹೊಳೆಯ ಮರಳನ್ನು ಒಣಗಿಸಿ, ಆಲೆಮನೆಯಲ್ಲಿ ಬೆಲ್ಲ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ, ಹಳೆಯ ರಾಗಿ ಚೀಲಗಳಿಗೇ ತುಂಬಿದೆವು. ಮರಳು ರಾಗಿಗಿಂತ ಭಾರ, ಅಷ್ಟೇ ತೂಕಕ್ಕೆ ಕಡಿಮೆ ಜಾಗ ಸಾಕು. ಹಾಗಾಗಿ ತೂಕ ಸರಿಮಾಡಿದರೆ ಸಾಲದು, ಚೀಲವನ್ನು ತಟ್ಟಿ ಹರವಿ, ರಾಗಿ ಹರಡಿಕೊಂಡಿದ್ದಷ್ಟೇ ಜಾಗದಲ್ಲಿ ಹರಡಬೇಕು. ಒಳ್ಳೆಯ ಬಿಸಿಲಿನಲ್ಲಿ, ಊರವರು ಗದ್ದೆಯಲ್ಲಿರುವಾಗ, ಗೌಡರು ಏಣಿಯ ಮೇಲೆ, ನಾನು ಕೆಳಗೆ. ಮೇಲೆ ಹೋದಷ್ಟು ಸಲವೂ ಅವರು ತಾಯಿಯ ಹತ್ತಿರ ಮಾತಾಡುತ್ತಿದ್ದರು. "ಒಸಿ ಸರ್ಕೊಳವ್ವ. ಇಲ್ಲೊಂದ್ ಇಡ್ಬೇಕು." ಪಶ್ಚಿಮದ ಎಣಿಕೆ ಮೊದಲಿನ ಗೆರೆಗೆ ಬಂದು ಕೂತಿತು. ಆಮೇಲೆ ರಾಗಿ ಇಳಿದಾಗಲೆಲ್ಲ ಮರಳು ಏರಿತು. ಪೆನ್ನಿನ ಗೆರೆ ಅಲುಗಲಿಲ್ಲ. ಮೇಲಿನ ದವಸದ ಭಾರ ಬದಲಾಗಿ ತೊಂದರೆಯಾಗಿತ್ತು, ಸರಿಪಡಿಸಿದ್ದೇನೆ ಎಂದು ಪ್ರೊಫೆಸರಿಗೆ ಬರೆದೆ. ಇನ್ನು ಕೆಡದಂತೆ ನೋಡಿಕೋ ಎಂದು ಉತ್ತರ ಬಂತು.

ಬಿರುಗಾಳಿ ಬಂದಾಗ ಬಿಸಿಲು ಎಂದಿನಂತೆಯೇ ಇತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಟಕ್ ಟಕ್ ಸದ್ದು ಸ್ವಲ್ಪ ನಿಧಾನವಾಯಿತೇನೋ ಅನ್ನಿಸಿತು. ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ ಆಗಲಾರದು, ಭ್ರಮೆ. ಆದರೆ ಕಾಗದ ನೋಡಿದರೆ ಗೆರೆ ಜಾರುತ್ತಿತ್ತು. ನೆತ್ತಿ, ಪೂರ್ವ, ಪಶ್ಚಿಮ, ಮೂರೂ ಒಟ್ಟಿಗೆ. ಒತ್ತಡ ಸರಿಯಿತ್ತು, ವೋಲ್ಟೇಜು ಸರಿಯಿತ್ತು. ಅಟ್ಟ ಹತ್ತಿ ನೋಡಿದೆ. ಎಲ್ಲ ಇದ್ದಲ್ಲೇ ಇತ್ತು. ಕೆ.ಆರ್. ಪೇಟೆಗೆ ಸೈಕಲ್ ತುಳಿದು ಟೆಲಿಗ್ರಾಂ ಕೊಟ್ಟು ಬಂದೆ.

ಹಿತ್ತಲಲ್ಲಿ ಗೌಡರು ಕಾಯುತ್ತಿದ್ದರು. ಸುರುಳಿ ತೋರಿಸಿದೆ.

"ಇಳ್ದದಲ್ಲಪ್ಪಾ! ನಾನೇನೂ ಆಕ್ಲಿಲ್ಲ, ನಮ್ಮವ್ವನಾಣೆ."

"ನೀವಲ್ಲ ಗೌಡ್ರೇ. ಸೂರ್ಯ."

"ಅವ್ನೂ ಇಂಗೇನಾ" ಎಂದರು ಗೌಡರು. "ಯೋಳ್ದೆ ಕೇಳ್ದೆ."

ಗೆರೆ ಕೆಲವು ದಿನದಲ್ಲಿ ನಿಧಾನವಾಗಿ ಮೇಲೆ ಬಂದು ಮೊದಲಿನ ಜಾಗ ಸೇರಿತು. ಕಲೆಯಿಲ್ಲದ ದಾಖಲೆ. ಮೈಸೂರಿಗೆ ಕರೆಸಿದರು. ದೊಡ್ಡ ಮೇಜಿನ ಮೇಲೆ ನನ್ನ ಸುರುಳಿ ಹರಡಿ, ಹೊರಗಿನಿಂದ ಬಂದಿದ್ದ ವಿಜ್ಞಾನಿಗಳಿಗೆ ಪ್ರೊಫೆಸರು, "ಇದನ್ನು ಹಿಡಿದವನು ಇವನೇ" ಎಂದರು. ಹೆಬ್ಬೆಟ್ಟಿನವರ ಮಗ ನಾನು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಸ್ಟೇಷನ್ ಉಳಿಯಿತು.

ಅಲ್ಲಿ ಇನ್ನೆರಡು ದಿನ ನಿಲ್ಲಿಸಿಕೊಂಡರು. ಅದೇ ಹೊತ್ತಿಗೆ ಜೋಯಿಸರು, ಮುಂದೆ ಒಳ್ಳೆಯ ದಿನವಿಲ್ಲವೆಂದು, ಬಾಗಿಲು ತೆಗೆಯುವುದನ್ನು ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟಿದ್ದರು. ನನಗೆ ಹೇಳಿಕಳಿಸುವುದಕ್ಕೂ ಗೌಡರಿಗೆ ಬಿಡುವಾಗಿರಲಿಲ್ಲ. ನೆಂಟರು ತುಂಬಿಕೊಂಡಿದ್ದರು.

ನಾನು ಬಸ್ಸಿಳಿದು ಬಂದಾಗ ಮುಳ್ಳು ತೆಗೆದಿತ್ತು. ಬಾಗಿಲಿಗೆ ಮಾವಿನ ತೋರಣ. ಹಿತ್ತಲಲ್ಲಿ ಜನ ಗುಂಪುಗೂಡಿದ್ದರು. ನಡುವೆ ಗೌಡರ ಹೆಂಡತಿ ನೆಲದ ಮೇಲೆ ಕುಳಿತಿದ್ದರು. ಮೊದಲ ಮುದ್ದೆ ಅತ್ತೆಯ ರಾಗಿಯದೇ ಆಗಲಿ ಎಂದು, ಗೌಡರು ಮುಂದೆ ನೆಂಟರ ನಡುವೆ ಇದ್ದಾಗ, ಅಟ್ಟದಿಂದ ಮೂಟೆ ಇಳಿಸಿದ್ದರಂತೆ. ಬಾಯಿ ಬಿಚ್ಚಿ ಮೊರಕ್ಕೆ ಸುರಿದಿದ್ದರು. ಮೊರದ ತುಂಬ ಹೊಳೆಯ ಮರಳು.

"ಅತ್ತೆ ರಾಗೀನ ಮರಳ್ ಮಾಡ್ಬುಟ್ರು" ಎಂದರು ಅವರು, ಯಾರಿಗೂ ಅಲ್ಲ. "ನಾವ್ ತಿನ್ಬಾರ್ದು ಅಂತ."

ನಾನು ಬಾಯಿ ತೆರೆದೆ. ಗುಂಪಿನ ಆಚೆಯಿಂದ ಗೌಡರ ದನಿ ಬಂತು. "ಮೇಷ್ಟ್ರೇ, ನೀವ್ ಓಗಿ ನಿಮ್ ಮಿಷನ್ ನೋಡ್ಕಳಿ."

ಎಂದೂ ನನ್ನನ್ನು ಬಹುವಚನದಲ್ಲಿ ಕರೆದವರಲ್ಲ ಅವರು.

ಆಮೇಲೆ ಪಂಪುಮನೆಗೆ ಬಂದು ಹೇಳಿದರು. "ಮರಳು ನಾ ತುಂಬಿದ್ದು ಅಂದ್ರೆ, ರಾಗಿ ಎಲ್ಲಿ ಅಂತಾಳೆ. ಮಕ್ಳ ಒಟ್ಟೇಲಿ ಅಂತ ಯೋಳ್ಲಾ? ನಮ್ಮವ್ವ ಮಾಡುದ್ಲು ಅಂದ್ಕಂಡ್ರೆ ಮನೆ ಒಂದ್ ಬುಡ್ತಾಳೆ. ದಿಟ ಗೊತ್ತಾದ್ರೆ ಬದ್ಕನ್ನೇ ಬುಡ್ತಾಳೆ. ನೀನ್ ಯೋಳ್ಬ್ಯಾಡ. ಆ ಮಿಷನ್ಗೂ ಯೋಳು, ಬಾಯ್ ಮುಚ್ಕಂಡಿರ್ಲಿ ಅಂತ."

ಅವರು ಆ ಮನೆಗೆ ಮತ್ತೆ ಹೋಗಲಿಲ್ಲ. ಹೊಲದಲ್ಲೇ ಹೊಸ ಮನೆ ಕಟ್ಟಿದರು. ಅಟ್ಟ ಮುಟ್ಟಲು ಆಳುಗಳೂ ಬರಲಿಲ್ಲ. ಮರಳು ಹಾಗೇ ಉಳಿಯಿತು. ಅದರ ಕೆಳಗೆ ನಮ್ಮ ಮಿಷನ್ ಆ ದಶಕ ಮುಗಿಯುವವರೆಗೂ ನಡೆಯಿತು. ಯಾರೂ ಓಡಾಡದ ಮನೆ, ಯಾರೂ ಮುಟ್ಟದ ಭಾರ. ಅಷ್ಟು ನೆಟ್ಟಗಿನ ಗೆರೆ ನನಗೆ ಮತ್ತೆಲ್ಲೂ ಸಿಗಲಿಲ್ಲ. ಸಂಜೆ ಬೀಗ ಹಾಕುವಾಗ ನಾನೂ ಹೊಸ್ತಿಲು ಮುಟ್ಟಿ ಬರುವುದನ್ನು ಕಲಿತಿದ್ದೆ.

ಗಂಡ ಹೆಂಡತಿ ಇಬ್ಬರೂ ಈಗಿಲ್ಲ. ಮನೆಯೂ ಬಿದ್ದುಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಈಚೆಗೆ ಕಿಕ್ಕೇರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಮೊಮ್ಮಗಳಿಗೆ ಹೇಳುತ್ತಿದ್ದರು. "ಕೆಟ್ ಗಳಿಗೇಲಿ ಸತ್ತೋರ್ ಮನೆ ಕಾಳು ಮುಟ್ಬಾರ್ದು ಕಣವ್ವ. ಅಕ್ಕಿಹೆಬ್ಬಾಳ್ತಾವ ಒಂದ್ ಮನೇಲಿ ರಾಗಿ ಎಲ್ಲಾ ಮರಳಾಗಿತ್ತಂತೆ."

ಆ ಬಿರುಗಾಳಿಯ ಗೆರೆಗೆ ಕಟ್ಟು ಹಾಕಿಸಿ ಮೈಸೂರಿನ ನಮ್ಮ ವಿಭಾಗದ ಗೋಡೆಗೆ ನೇತುಹಾಕಿದ್ದಾರೆ. ನೋಡಲು ಬಂದ ವಿದ್ಯಾರ್ಥಿಗಳು ಇಳಿತದ ಮೇಲೆ ಬೆರಳಿಡುತ್ತಾರೆ. ನನ್ನ ಕಣ್ಣು ಅದಕ್ಕೂ ಹಿಂದೆ ಹೋಗುತ್ತದೆ, ಏನೂ ನಡೆಯದಂತೆ ನೇರವಾಗಿ ಸಾಗುವ ಗೆರೆಯ ಮೇಲೆ. ಅಲ್ಲಿ ಒಬ್ಬರು ಏಣಿಯ ಮೇಲೆ ನಿಂತು, ಒಸಿ ಸರ್ಕೊಳವ್ವ, ಎನ್ನುತ್ತಿದ್ದಾರೆ.